ಹಳೆಯ ಕಾರು: ಬೆಲೆ ಕೇಳುವ ಮುನ್ನ ಇಸವಿ ಕೇಳಿ

2025ರಲ್ಲಿ ಒಂದು ತಿಂಗಳ ಅಂತರದಲ್ಲಿ ಎರಡು ಸರ್ಕಾರಿ ತೀರ್ಮಾನಗಳು ಹೊರಬಿದ್ದವು. ಆಗಸ್ಟ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹೊರಡಿಸಿದ ಅಧಿಸೂಚನೆಯಂತೆ, 20 ವರ್ಷ ದಾಟಿದ ಕಾರುಗಳ ನೋಂದಣಿ ನವೀಕರಣ ಶುಲ್ಕ 10 ಸಾವಿರ ರೂಪಾಯಿಗೆ ಏರಿತು. ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಒಂದು ತೀರ್ಮಾನ ಹಳೆಯ ಕಾರನ್ನು ಇಟ್ಟುಕೊಳ್ಳುವುದನ್ನು ದುಬಾರಿ ಮಾಡಿದರೆ, ಇನ್ನೊಂದು ಹೊಸ ಕಾರನ್ನು ಅಗ್ಗ ಮಾಡಿತು. ಇವೆರಡರ ನಡುವೆ ಸಿಲುಕಿದವರು, ಒಂದೆರಡು ಲಕ್ಷ ರೂಪಾಯಿ ಹೊಂದಿಸಿಕೊಂಡು ಕಚೇರಿಗೆ ಹೋಗಿಬರಲು ಒಂದು ಸೆಕೆಂಡ್ ಹ್ಯಾಂಡ್ ಸಣ್ಣ ಕಾರು ಕೊಳ್ಳಲು ಹೊರಟ ಮಧ್ಯಮವರ್ಗದ ನೌಕರರು.

ಇಂಥವರ ಸಂಖ್ಯೆ ಕಡಿಮೆಯೇನಲ್ಲ. ಟಾಮ್‌ಟಾಮ್ ಸಂಸ್ಥೆಯ 2024ರ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಕ್ರಮಿಸಲು ಸರಾಸರಿ 34 ನಿಮಿಷ ಬೇಕಾಗಿತ್ತು. ಅದರ ಮರುವರ್ಷ, 2025ರ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿತು. ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಜಿಗಿಯಿತು. ಮೆಟ್ರೊ ತಲುಪದ ಬಡಾವಣೆಗಳಲ್ಲಿ ವಾಸಿಸುವವರಿಗೆ, ಮಳೆಯಲ್ಲಿ ಮಕ್ಕಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಬೇಕಾದವರಿಗೆ ಕಾರು ಆಡಂಬರದ ವಸ್ತುವಲ್ಲ. ಆದರೆ ಅಂಥವರ ಕಣ್ಣು ಮೊದಲು ಹೋಗುವುದು ಬೆಲೆಯ ಮೇಲೆ, ಆನಂತರ ಮೀಟರಿನಲ್ಲಿ ಕಾಣುವ ಕಿಲೋಮೀಟರಿನ ಮೇಲೆ. ನಿಜವಾಗಿ ನೋಡಬೇಕಾದದ್ದು ನೋಂದಣಿ ಪತ್ರದಲ್ಲಿ ಅಚ್ಚಾಗಿರುವ ತಯಾರಿಕೆಯ ತಿಂಗಳು ಮತ್ತು ಇಸವಿ. ಹಳೆಯ ಕಾರಿನ ಭವಿಷ್ಯದ ಖರ್ಚು ಮತ್ತು ಅದರಲ್ಲಿ ಕೂರುವವರ ಪ್ರಾಣರಕ್ಷಣೆ ಎರಡೂ ಬಹುಮಟ್ಟಿಗೆ ಆ ಒಂದು ಸಾಲಿನಲ್ಲಿ ಅಡಗಿವೆ.

ಹದಿನೈದು ವರ್ಷದ ಗೆರೆ

ಮೋಟಾರು ವಾಹನ ಕಾಯ್ದೆಯಂತೆ ಖಾಸಗಿ ಕಾರಿನ ಮೊದಲ ನೋಂದಣಿಗೆ 15 ವರ್ಷದ ಆಯುಷ್ಯ. ಆನಂತರ ಕಾರು ಸುಸ್ಥಿತಿಯಲ್ಲಿದೆ ಎಂದು ಆರ್‌ಟಿಒ ಪರೀಕ್ಷೆಯಲ್ಲಿ ಸಾಬೀತಾದರೆ ಐದೈದು ವರ್ಷಕ್ಕೆ ನವೀಕರಣ ಸಿಗುತ್ತದೆ. ಕರ್ನಾಟಕದಲ್ಲಿ 15 ವರ್ಷ ತುಂಬಿತೆಂಬ ಒಂದೇ ಕಾರಣಕ್ಕೆ ಖಾಸಗಿ ಕಾರನ್ನು ಗುಜರಿಗೆ ಹಾಕಬೇಕಾಗಿಲ್ಲ. ಈ ವಿಷಯದಲ್ಲಿ ಹಬ್ಬಿರುವ ಭೀತಿಗೆ ಆಧಾರವಿಲ್ಲ.

ಆದರೆ ಗೆರೆ ದಾಟುವುದು ಪುಕ್ಕಟೆಯಲ್ಲ. 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 5 ಸಾವಿರ ರೂಪಾಯಿಯಾಯಿತು. ತಡಮಾಡಿದರೆ ಕಾರಿಗೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ. ಇದರ ಮೇಲೆ ರಾಜ್ಯದ ಹಸಿರು ತೆರಿಗೆ ಬೇರೆ. ಶುಲ್ಕಕ್ಕಿಂತ ದೊಡ್ಡ ಖರ್ಚು ಪರೀಕ್ಷೆಗೆ ಕಾರನ್ನು ಸಜ್ಜುಗೊಳಿಸುವುದು. ಸವೆದ ಟೈರು, ಮಬ್ಬಾದ ಹೆಡ್‌ಲೈಟು, ತುಕ್ಕು ಹಿಡಿದ ತಳ, ಸಡಿಲಗೊಂಡ ಸಸ್ಪೆನ್ಷನ್, ಹೊಗೆ ತಪಾಸಣೆಯಲ್ಲಿ ನಪಾಸಾಗುವ ಎಂಜಿನ್ ಎಲ್ಲವೂ ಆಗಲೇ ಒಟ್ಟಿಗೆ ಲೆಕ್ಕ ಕೇಳುತ್ತವೆ. 13–14 ವರ್ಷದ ಕಾರುಗಳು ಮಾರುಕಟ್ಟೆಯಲ್ಲಿ ಹೇರಳವಾಗಿ, ಅಗ್ಗವಾಗಿ ಸಿಗುವುದರ ಗುಟ್ಟು ಇದೇ. ಮಾರುವವರು ತಮ್ಮ ತಲೆಯ ಮೇಲಿನ ಖರ್ಚನ್ನು ಕೊಳ್ಳುವವರ ತಲೆಗೆ ದಾಟಿಸುತ್ತಿರುತ್ತಾರೆ.

ಹಣದಿಂದ ಸರಿಪಡಿಸಲಾಗದ ಕೊರತೆ

ಎರಡನೆಯ ಗೆರೆ 2019. ಆ ವರ್ಷದ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೆ ಎಬಿಎಸ್ ಬ್ರೇಕ್ ವ್ಯವಸ್ಥೆ, ಜುಲೈನಿಂದ ಚಾಲಕನ ಏರ್‌ಬ್ಯಾಗ್, ಸೀಟ್‌ಬೆಲ್ಟ್ ಎಚ್ಚರಿಕೆ ಮತ್ತು ಹಿಂಬದಿ ಸೆನ್ಸರ್ ಕಡ್ಡಾಯವಾದವು. ಮುಂದಿನ ಎರಡೂ ಆಸನಗಳಿಗೆ ಏರ್‌ಬ್ಯಾಗ್ ಕಡ್ಡಾಯವಾದದ್ದು 2021ರ ಕೊನೆಗೆ. ಅದಕ್ಕೂ ಮುಂಚಿನ ಸಣ್ಣ ಕಾರುಗಳ ಅಗ್ಗದ ಮಾದರಿಗಳಲ್ಲಿ ಇವು ಬಹುತೇಕ ಇರಲಿಲ್ಲ.

ಇದರ ಪರಿಣಾಮವೇನೆಂಬುದು 2014ರ ಜನವರಿಯಲ್ಲೇ ಬಯಲಾಗಿತ್ತು. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಜನಪ್ರಿಯ ಸಣ್ಣ ಕಾರುಗಳನ್ನು, ಅಂದರೆ ಮಾರುತಿ ಆಲ್ಟೊ 800, ಟಾಟಾ ನ್ಯಾನೊ, ಫೋರ್ಡ್ ಫಿಗೊ, ಹುಂಡೈ ಐ10 ಮತ್ತು ಫೋಕ್ಸ್‌ವ್ಯಾಗನ್ ಪೋಲೊಗಳನ್ನು, ಏರ್‌ಬ್ಯಾಗ್ ಇಲ್ಲದ ಮಾದರಿಯಲ್ಲಿ ಡಿಕ್ಕಿ ಪರೀಕ್ಷೆಗೆ ಒಳಪಡಿಸಿತು. ವಯಸ್ಕರ ರಕ್ಷಣೆಯಲ್ಲಿ ಐದಕ್ಕೂ ಸಿಕ್ಕಿದ್ದು ಸೊನ್ನೆ. ಇಂದು ಒಂದೆರಡು ಲಕ್ಷಕ್ಕೆ ಸಿಗುವ ಕಾರುಗಳ ಸಾಲಿನಲ್ಲಿ ಇವೇ ಹೆಸರುಗಳಿವೆ ಎಂಬುದನ್ನು ಮರೆಯುವಂತಿಲ್ಲ.

ಕ್ಲಚ್ ಸವೆದಿದ್ದರೆ ಬದಲಿಸಬಹುದು, ಬಣ್ಣ ಮಾಸಿದ್ದರೆ ಬಳಿಸಬಹುದು. ಆದರೆ ಕಾರ್ಖಾನೆಯಲ್ಲಿ ಏರ್‌ಬ್ಯಾಗ್ ಇಲ್ಲದೆ ಹೊರಬಂದ ಕಾರಿಗೆ ಆಮೇಲೆ ಗ್ಯಾರೇಜಿನಲ್ಲಿ ಅದನ್ನು ಅಳವಡಿಸುವ ಭರವಸೆಯ ದಾರಿಯಿಲ್ಲ. ಈ ಕಾರಣಕ್ಕಾಗಿಯೇ ಎಲ್ಲ ಗೆರೆಗಳಲ್ಲಿ ಇದು ಮುಖ್ಯವಾದದ್ದು. 2019ಕ್ಕಿಂತ ಹಿಂದಿನ ಕಾರನ್ನೇ ಕೊಳ್ಳಬೇಕಾದ ಅನಿವಾರ್ಯತೆ ಇದ್ದರೆ, ಅದೇ ಕಾರಿನ ಮೇಲ್ದರ್ಜೆಯ ಮಾದರಿಯನ್ನು ಹುಡುಕುವುದು ಲೇಸು. ಹಲವು ಕಾರುಗಳ ದುಬಾರಿ ಮಾದರಿಗಳಲ್ಲಿ ಎಬಿಎಸ್ ಮತ್ತು ಏರ್‌ಬ್ಯಾಗ್ ಮೊದಲೇ ಬಂದಿದ್ದವು. ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಕೆಲವು ಕ್ಷಣ ಹತ್ತಿ ಆರಬೇಕು. ಆರದಿದ್ದರೆ ದೋಷವಿದೆ. ಹತ್ತದೇ ಹೋದರೆ, ಹಿಂದೆ ಅಪಘಾತವಾಗಿ ಬಿಚ್ಚಿಕೊಂಡ ಏರ್‌ಬ್ಯಾಗನ್ನು ಮತ್ತೆ ಹಾಕಿಸದೆ ಮುಚ್ಚಿಟ್ಟಿರುವ ಶಂಕೆಗೆ ಕಾರಣವಿದೆ.

ಇಂಧನದ ಹೊಸ ಲೆಕ್ಕ

ಮೂರನೆಯದು ಪೆಟ್ರೋಲಿನ ವಿಚಾರ. 2025ರ ವೇಳೆಗೆ ದೇಶದ ಬಂಕ್‌ಗಳಲ್ಲಿ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಸಾಮಾನ್ಯವಾಯಿತು. ಎಥೆನಾಲ್ ರಹಿತ ಪೆಟ್ರೋಲಿನ ಆಯ್ಕೆಯನ್ನೂ ನೀಡಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಈ ಇಂಧನಕ್ಕೆ ಹೊಂದುವ ಬಿಡಿಭಾಗಗಳೊಂದಿಗೆ ಕಾರುಗಳು ಬರತೊಡಗಿದ್ದು 2023ರ ಏಪ್ರಿಲ್‌ನಿಂದ. ನೀತಿ ಆಯೋಗವೇ 2021ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ, ಹಳೆಯ ವಿನ್ಯಾಸದ ಕಾರುಗಳ ಮೈಲೇಜ್ ಶೇ 6ರಿಂದ 7ರಷ್ಟು ತಗ್ಗಬಹುದೆಂದು ಅಂದಾಜಿಸಲಾಗಿತ್ತು.

ದಿನಕ್ಕೆ 30 ಕಿಲೋಮೀಟರ್‌ನಂತೆ ವರ್ಷಕ್ಕೆ 300 ದಿನ ಓಡಾಡುವವರ ಲೆಕ್ಕ ಹಾಕೋಣ. ಒಟ್ಟು 9 ಸಾವಿರ ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್‌ನಂತೆ 600 ಲೀಟರ್. ಲೀಟರಿಗೆ 100 ರೂಪಾಯಿ ಎಂದಿಟ್ಟುಕೊಂಡರೂ 60 ಸಾವಿರ ರೂಪಾಯಿ. ಮೈಲೇಜ್ ಶೇ 6ರಷ್ಟು ತಗ್ಗಿದರೆ ವರ್ಷಕ್ಕೆ ಇನ್ನೂ ಸುಮಾರು 3,800 ರೂಪಾಯಿ. ಇದು ಸಹಿಸಲಾಗದ ಹೊರೆಯೇನಲ್ಲ. ಹಳೆಯ ರಬ್ಬರ್ ಪೈಪು, ಸೀಲುಗಳನ್ನು ಕಾಲಕಾಲಕ್ಕೆ ಬದಲಿಸಿದರೆ ಸೋರಿಕೆಯ ಅಪಾಯವನ್ನೂ ತಗ್ಗಿಸಬಹುದು. ಹೀಗಾಗಿ 2023ರ ಗೆರೆಯನ್ನು ಖರ್ಚಿನ ಪಟ್ಟಿಗೆ ಸೇರಿಸಿದರೆ ಸಾಕು, ಅದಕ್ಕಾಗಿ ಕಾರನ್ನೇ ತಿರಸ್ಕರಿಸಬೇಕಾಗಿಲ್ಲ. ಇದೇ ಲೆಕ್ಕ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಎರಡು ವರ್ಷದ ಪೆಟ್ರೋಲಿನ ಖರ್ಚೇ ಒಂದು ಹಳೆಯ ಕಾರಿನ ಬೆಲೆಗೆ ಸಮನಾಗುವಾಗ, ಕೊಳ್ಳುವಾಗ ಚೌಕಾಸಿ ಮಾಡಿ ಉಳಿಸಿದ 10 ಸಾವಿರಕ್ಕಿಂತ ಎಂಜಿನ್ನಿನ ಸ್ಥಿತಿಯೇ ಹೆಚ್ಚು ಬೆಲೆಬಾಳುತ್ತದೆ.

ಅಗ್ಗ ಯಾವುದು?

14 ವರ್ಷದ ಕಾರೊಂದು 1.25 ಲಕ್ಷಕ್ಕೆ, 7 ವರ್ಷದ್ದೊಂದು 3 ಲಕ್ಷಕ್ಕೆ ಸಿಗುತ್ತದೆ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಐದು ವರ್ಷ ಓಡಿಸಿದ ಮೇಲೆ ಮೊದಲನೆಯದಕ್ಕೆ 25 ಸಾವಿರ, ಎರಡನೆಯದಕ್ಕೆ 1.5 ಲಕ್ಷ ಬಂದಿತೆನ್ನಿ. ಕಳೆದುಕೊಂಡದ್ದು ಕ್ರಮವಾಗಿ 1 ಲಕ್ಷ ಮತ್ತು 1.5 ಲಕ್ಷ. ಅಂತರ 50 ಸಾವಿರ, ಅಂದರೆ ತಿಂಗಳಿಗೆ ಎಂಟುನೂರು ಚಿಲ್ಲರೆ ರೂಪಾಯಿ. ಹಳೆಯ ಕಾರಿನ ನವೀಕರಣ ಮತ್ತು ರಿಪೇರಿ ಸೇರಿಸಿದರೆ ಈ ಅಂತರವೂ ಕರಗುತ್ತದೆ. ಏರ್‌ಬ್ಯಾಗ್, ಎಬಿಎಸ್‌ಗಳು ಲಾಭದ ಬಾಬತ್ತಿಗೆ ಬರುತ್ತವೆ. ಎರಡು ಬೆಲೆಗಳ ನಡುವಿನ ಅಂತರ ದೊಡ್ಡದಾಗಿ ಕಂಡರೂ ನಿಜವಾದ ವೆಚ್ಚದ ಅಂತರ ಚಿಕ್ಕದು.

ಇನ್ನು ಮೇಲಿನ ಮಿತಿಯನ್ನೂ ಗಮನಿಸಬೇಕು. ಜಿಎಸ್‌ಟಿ ಇಳಿಕೆಯ ನಂತರ, 2025ರ ಸೆಪ್ಟೆಂಬರ್‌ನಲ್ಲಿ ಆಲ್ಟೊ ಕೆ10 ಕಾರಿನ ಆರಂಭಿಕ ಷೋರೂಂ ಬೆಲೆ 3.70 ಲಕ್ಷ ರೂಪಾಯಿಗೆ ಬಂದಿತ್ತು. ರಸ್ತೆ ತೆರಿಗೆ, ವಿಮೆ ಸೇರಿದರೆ ಅದು ನಾಲ್ಕು ಲಕ್ಷ ದಾಟುತ್ತದೆ, ನಿಜ. ಆದರೂ ಏಳೆಂಟು ವರ್ಷದ ಕಾರಿಗೆ ಮೂರೂವರೆ ಲಕ್ಷ ಕೇಳುವವರಿಗೆ ಉತ್ತರವಾಗಿ ಈ ಅಂಕಿಯನ್ನು ಮುಂದಿಡುವ ಹಕ್ಕು ಕೊಳ್ಳುವವರಿಗಿದೆ. ಹಳೆಯ ಕಾರುಗಳ ಮೇಲೆ ಶೇ 18 ಜಿಎಸ್‌ಟಿ ಇದೆ ಎಂಬ ಮಾತಿನಿಂದಲೂ ಗಲಿಬಿಲಿಗೊಳ್ಳಬೇಕಾಗಿಲ್ಲ. 2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ತೀರ್ಮಾನಿಸಿದ ಆ ತೆರಿಗೆ ನೋಂದಾಯಿತ ವ್ಯಾಪಾರಿಯ ಲಾಭಾಂಶದ ಮೇಲೆ ಮಾತ್ರ. ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ತನ್ನ ಸ್ವಂತ ಕಾರು ಮಾರಿದರೆ ಅದು ಅನ್ವಯಿಸುವುದಿಲ್ಲ.

ಕಾಣದ ದೋಷಗಳು

ಇಸವಿ ಸರಿಯಿದೆ ಎಂದಾದ ಮೇಲೆ ಯಂತ್ರದ ಸರದಿ. ಮೀಟರನ್ನು ಹಿಂದಕ್ಕೆ ತಿರುಗಿಸುವುದು ಈ ದಂಧೆಯಲ್ಲಿ ಹೊಸದಲ್ಲವಾದ್ದರಿಂದ ಸರ್ವೀಸ್ ದಾಖಲೆಯನ್ನು ಕೇಳಬೇಕು. ಟೈರಿನ ಪಕ್ಕೆಯಲ್ಲಿರುವ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ಇಸವಿಯನ್ನು ಹೇಳುತ್ತವೆ. ಆಲ್ಟೊ 800, ಐ10ರ 1.1 ಲೀಟರ್ ಎಂಜಿನ್‌ಗಳಲ್ಲಿ ಇರುವುದು ರಬ್ಬರಿನ ಟೈಮಿಂಗ್ ಬೆಲ್ಟ್. ಕಡಿಮೆ ಓಡಿದ್ದರೂ ವಯಸ್ಸಿಗೆ ತಕ್ಕಂತೆ ಅದು ಹಳತಾಗುತ್ತದೆ. ಬದಲಿಸಿದ ಬಿಲ್ ಇಲ್ಲದಿದ್ದರೆ ಆ ಖರ್ಚನ್ನು ಬೆಲೆಯಿಂದ ಕಳೆಯಬೇಕು. ಆಲ್ಟೊ ಕೆ10, ಐ10ರ 1.2 ಲೀಟರ್ ಎಂಜಿನ್‌ಗಳಲ್ಲಿ ಚೈನ್ ಇದೆ.

ಬೆಂಗಳೂರಿನವರು ನೆರೆಯ ನೆನಪನ್ನೂ ಜೊತೆಗಿಟ್ಟುಕೊಳ್ಳಬೇಕು. 2022ರ ಸೆಪ್ಟೆಂಬರ್ ಮಳೆಯಲ್ಲಿ ಮಹದೇವಪುರ ಮತ್ತು ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಮುಳುಗಿದ ಕಾರುಗಳು ಹಲವು. ಸೀಟ್‌ಬೆಲ್ಟನ್ನು ಪೂರ್ತಿ ಎಳೆದಾಗ ಕೆಸರಿನ ಗೆರೆ ಕಂಡರೆ, ಸೀಟಿನ ಕೆಳಗಿನ ಕಂಬಿಗೆ ತುಕ್ಕು ಹಿಡಿದಿದ್ದರೆ ಅಂಥ ಕಾರಿನಿಂದ ದೂರ ಇರುವುದೇ ಕ್ಷೇಮ. ನೀರು ಹೊಕ್ಕ ವೈರಿಂಗ್ ರಿಪೇರಿಯಲ್ಲಿ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಕಂಪನಿ ದೇಶದಲ್ಲಿ ಇದೆಯೇ ಎಂಬುದೂ ಮುಖ್ಯ. ಷೆವರ್ಲೆ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರಲ್ಲಿ ಇಲ್ಲಿನ ತಯಾರಿಕೆ ಕೈಬಿಡುವುದಾಗಿ ಘೋಷಿಸಿತು. ದಟ್ಸನ್ 2022ರಲ್ಲಿ ನಿಂತಿತು. ಈ ಕಾರುಗಳು ಅಗ್ಗವಾಗಿ ಸಿಗಬಹುದು. ಆದರೆ ದಿನವೂ ಕಚೇರಿಗೆ ಹೋಗಬೇಕಾದವರಿಗೆ ಬಿಡಿಭಾಗಕ್ಕಾಗಿ ವಾರಗಟ್ಟಲೆ ಕಾಯುವುದು ಸಾಧ್ಯವಾಗದು.

ದೆಹಲಿಯ ಅಗ್ಗದ ಕಾರುಗಳದು ಇನ್ನೊಂದು ಕಥೆ. ಅಲ್ಲಿ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಓಡಾಟಕ್ಕೆ ಹಸಿರು ನ್ಯಾಯಮಂಡಳಿ ಹೇರಿದ ನಿಷೇಧವನ್ನು 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. 2025ರಲ್ಲಿ ಕೋರ್ಟ್ ಕೊಂಚ ಸಡಿಲಿಕೆ ತೋರಿತಾದರೂ ಆ ಭಯದಿಂದ ಕಾರುಗಳು ದಕ್ಷಿಣಕ್ಕೆ ಹರಿದುಬಂದಿವೆ. ಹೊರರಾಜ್ಯದ ಕಾರನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಹೊಸ ನೋಂದಣಿ ಸಂಖ್ಯೆ ಪಡೆಯಲೇಬೇಕು, ಕರ್ನಾಟಕದ ಜೀವಿತಾವಧಿ ತೆರಿಗೆಯನ್ನೂ ಕಟ್ಟಬೇಕು. ಅದನ್ನು ಕೂಡಿಸಿದ ಮೇಲೂ ಅಗ್ಗವೇ ಎಂದು ನೋಡಿಯೇ ಮುಂದುವರಿಯಬೇಕು.

ಹೆಸರು ಬದಲಾಗದಿದ್ದರೆ

ಕೊನೆಯದಾದರೂ ಕಡೆಗಣಿಸಲಾಗದ ಸಂಗತಿ ವರ್ಗಾವಣೆ. ಹಣ, ಕೀಲಿ ಕೈಬದಲಾದರೆ ವ್ಯವಹಾರ ಮುಗಿಯಿತೆಂದು ಭಾವಿಸುವವರು ಇಂದಿಗೂ ಇದ್ದಾರೆ. 2018ರ ಫೆಬ್ರುವರಿಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಭ್ರಮೆಯನ್ನು ತೊಡೆದುಹಾಕಿದೆ. ಹಲವು ಕೈ ಬದಲಾಗಿದ್ದ ವಿಮೆಯಿಲ್ಲದ ಕಾರೊಂದು 2009ರಲ್ಲಿ ಮಾಡಿದ ಅಪಘಾತದ ಪ್ರಕರಣದಲ್ಲಿ, ಸಾರಿಗೆ ಕಚೇರಿಯ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಕೋರ್ಟ್ ಹೇಳಿತು. ವರ್ಷಗಳ ಹಿಂದೆ ಮಾರಿದವರು ಕಾಣದ ಅಪಘಾತಕ್ಕೆ ದಂಡ ತೆರಬೇಕಾಯಿತು.

ಆದ್ದರಿಂದ ಮಾರುವವರಿಗೂ ಕೊಳ್ಳುವವರಿಗೂ ಫಾರಂ 29 ಮತ್ತು 30 ಕೇವಲ ಕಾಗದವಲ್ಲ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ಆರ್‌ಟಿಒಗೆ ತಿಳಿಸಬೇಕು. ಬ್ಯಾಂಕ್ ಸಾಲವಿದ್ದರೆ ಫಾರಂ 35 ಮೂಲಕ ಅದು ತೀರಿದ್ದನ್ನು ದಾಖಲಿಸಬೇಕು. ವಿಮೆಯ ವರ್ಗಾವಣೆಗೂ 14 ದಿನಗಳ ಗಡುವಿದೆ. ಹಳೆಯ ಮಾಲೀಕರ ನೋ ಕ್ಲೈಮ್ ಬೋನಸ್ ಅವರೊಂದಿಗೇ ಹೋಗುತ್ತದೆ. ಬಾಕಿ ಉಳಿದ ಸಂಚಾರ ದಂಡಗಳು ವಾಹನದ ಸಂಖ್ಯೆಯನ್ನೇ ಹಿಂಬಾಲಿಸುವುದರಿಂದ ಮುಂಗಡ ಕೊಡುವ ಮುನ್ನವೇ ಅವನ್ನು ಪರಿಶೀಲಿಸಬೇಕು. ವ್ಯಾಪಾರಿಯಿಂದ ಕೊಳ್ಳುವುದಾದರೆ, 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಅವರ ಬಳಿ ಆರ್‌ಟಿಒ ಅಧಿಕಾರಪತ್ರ ಇದೆಯೇ ಎಂದು ಕೇಳುವುದು ಒಳಿತು.

ಸುರಕ್ಷಿತ ಕಾರುಗಳು ಈಗಷ್ಟೇ ಹಳೆಯ ಕಾರುಗಳ ಸಾಲಿಗೆ ಇಳಿದುಬರತೊಡಗಿವೆ. ವರ್ಷ ಕಳೆದಂತೆ 2019ರ ನಂತರದ ಕಾರುಗಳು ಇನ್ನಷ್ಟು ಅಗ್ಗವಾಗುವುದು ಖಚಿತ. ಹೀಗಿರುವಾಗ ಕೈಯಲ್ಲಿರುವ ಹಣಕ್ಕೆ 14 ವರ್ಷದ ಕಾರು ಮಾತ್ರ ಸಿಗುವುದಾದರೆ, ಸಾಧ್ಯವಿದ್ದವರು ಇನ್ನೊಂದು ವರ್ಷ ಕಾಯುವುದೇ ಜಾಣತನ. ಕಾಯಲಾಗದವರು ಏರ್‌ಬ್ಯಾಗ್ ಇರುವ ಮಾದರಿಯನ್ನೇ ಹುಡುಕಲಿ. ಅದಕ್ಕಾಗಿ ಮ್ಯೂಸಿಕ್ ಸಿಸ್ಟಂ, ಅಲಾಯ್ ಚಕ್ರ, ಮಿನುಗುವ ಬಣ್ಣವನ್ನು ಬಿಟ್ಟುಕೊಡಬೇಕಾಗಿ ಬಂದರೂ ನಷ್ಟವೇನಿಲ್ಲ.