ಜೇನುಪೆಟ್ಟಿಗೆಯೂ ಮಳೆಗಾಲವೂ

ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿ ಕೆಲವರು ಮನೆಯ ಹಿತ್ತಿಲಲ್ಲಿ ಜೇನು ಸಾಕಬೇಕೆಂಬ ಆಸೆಯಿಂದ ನನ್ನನ್ನು ವಿಚಾರಿಸುವದುಂಟು. ಒಂದು ಪೆಟ್ಟಿಗೆಯಿಂದ ವರುಷಕ್ಕೆ ಎಷ್ಟು ಜೇನು ದೊರೆಯುವದು ಎಂಬದೇ ಅವರೆಲ್ಲರ ಮೊದಲನೆಯ ಪ್ರಶ್ನೆ. ಜುಲಾಯಿ ತಿಂಗಳಲ್ಲಿ ಆ ನೊಣಗಳು ಏನನ್ನು ತಿನ್ನುವವು ಎಂದು ಕೇಳಿದವರನ್ನು ನಾನಿನ್ನೂ ಕಾಣೆನು. ಇದಕ್ಕೆ ಉತ್ತರವನ್ನು ಸಿದ್ಧಪಡಿಸಿಕೊಳ್ಳದವರು ಪೆಟ್ಟಿಗೆಯನ್ನು ಕೊಳ್ಳಬಾರದೆಂಬದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ಕರಾವಳಿಯಲ್ಲಿ ಪೆಟ್ಟಿಗೆಯೊಳಗೆ ಸಾಕುವದು ತುಡುವೆ ಜೇನನ್ನು. ಹೆಜ್ಜೇನು ಬಯಲಲ್ಲಿ ಒಂದೇ ಎರಿಯನ್ನು ಕಟ್ಟುವದು. ತುಡುವೆಯಾದರೋ ಮರದ ಪೊಟರೆ, ಹುತ್ತ ಮುಂತಾದ ಕತ್ತಲೆಯ ಸ್ಥಳಗಳಲ್ಲಿ ಸಾಲಾಗಿ ಹಲವು ಎರಿಗಳನ್ನು ಕಟ್ಟುವದರಿಂದ ಪೆಟ್ಟಿಗೆಗೆ ಒಗ್ಗುತ್ತದೆ. ತಿರುಚಿನಾಪಳ್ಳಿಯ ಕಾಲೇಜಿನಲ್ಲಿದ್ದ ನ್ಯೂಟನ್ ಪಾದ್ರಿಗಳು 1910ರ ಸುಮಾರಿಗೆ ಈ ಜಾತಿಗೆ ತಕ್ಕಂತೆ ರಚಿಸಿದ ಚಿಕ್ಕ ಪೆಟ್ಟಿಗೆಯು ಇಂದಿಗೂ ಬಳಕೆಯಲ್ಲಿದೆ. ಕೆಳಗಿನದು ರಾಣಿಯು ಮೊಟ್ಟೆಯಿಡುವ ಸಂಸಾರ ಕೋಣೆ, ಮೇಲಿನದು ಜೇನುಕೋಣೆ. ಮೇಲಿನದರಿಂದ ಮಾತ್ರ ನಾವು ತೆಗೆಯತಕ್ಕದ್ದು. ಇದನ್ನು ಬಾಯಿಂದ ಹೇಳುವದು ಸುಲಭ.

ನಾನು ಜೇನು ಸಾಕತೊಡಗಿದ ಎರಡನೆಯ ವರುಷ ಮಧು ಯಥೇಷ್ಟವಾಗಿತ್ತು. ನೆರೆಯ ರಬ್ಬರಿನ ಮರಗಳು ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಚಿಗುರುವಾಗ ಹೂವಿನಿಂದಲ್ಲ, ಎಲೆಯ ತೊಟ್ಟಿನಿಂದಲೇ ಮಧು ಒಸರುವದು. ಎಪ್ರಿಲಿನೊಳಗೆ ಎರಡಾವರ್ತಿ ಜೇನು ತೆಗೆದೆನು. ಮೇ ತಿಂಗಳ ಕೊನೆಗೆ ಬಂದ ನೆಂಟರಿಗೆ ಕೊಡುವದಕ್ಕೆಂದು ಸಂಸಾರ ಕೋಣೆಯ ಎರಿಗಳ ಮೇಲಂಚಿನಲ್ಲಿದ್ದುದನ್ನೂ ಕೊಯ್ದೆನು. ಆ ಅಂಚಿನ ಜೇನೇ ಅವುಗಳ ಮಳೆಗಾಲದ ಬುತ್ತಿಯೆಂದು ಓದಿ ತಿಳಿದಿದ್ದೆನು, ಆದರೂ ಕೊಯ್ದೆನು. ಜೂನಿನಲ್ಲಿ ಮಳೆ ಹಿಡಿಯಿತು. ಶಾಲೆಯ ಆರಂಭದ ಗಡಿಬಿಡಿಯಲ್ಲಿ ಪೆಟ್ಟಿಗೆಯ ಹತ್ತಿರ ಹೋಗಲೇ ಇಲ್ಲ. ಜುಲಾಯಿಯಲ್ಲಿ ತೆರೆದು ನೋಡಿದಾಗ ಒಂದು ನೊಣವೂ ಇರಲಿಲ್ಲ. ಬರಿದಾದ ಎರಿಗಳಲ್ಲಿ ಮೇಣದ ಚಿಟ್ಟೆಯ ಹುಳಗಳು ಬಲೆ ನೇಯ್ದಿದ್ದವು. ಹಸಿದ ತುಡುವೆಯು ಗೂಡನ್ನು ಬಿಟ್ಟುಹೋಗುವ ಸ್ವಭಾವದ್ದು. ಪೆಟ್ಟಿಗೆಯನ್ನು ಒದಗಿಸಿದವನ ಮೇಲೆ ತಪ್ಪು ಹೊರಿಸುವದಕ್ಕೆ ನನಗೆ ಮನಸ್ಸಾಯಿತೆಂಬದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಹೇಗೂ ರೋಗ ಬಂದು ಸಾಯುವವಷ್ಟೆ ಎನ್ನುವವರಿದ್ದಾರೆ. 1991ರಿಂದೀಚೆಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗವು ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಅಪಾರವಾಗಿ ನಾಶಮಾಡಿದ್ದು ನಿಜ. ಆದರೆ ನನ್ನ ಪೆಟ್ಟಿಗೆಗೆ ತಗಲಿದ್ದು ಆ ರೋಗವಲ್ಲ.

ಜೂನಿನಿಂದ ಆಗಸ್ಟಿನ ವರೆಗೆ ವಾರಕ್ಕೊಮ್ಮೆ ಸಕ್ಕರೆಯನ್ನು ಅಷ್ಟೇ ತೂಕದ ಬಿಸಿನೀರಿನಲ್ಲಿ ಕರಗಿಸಿ, ಆರಿದ ಮೇಲೆ ಪೆಟ್ಟಿಗೆಯೊಳಗೆ ಇಡಬೇಕು. ಸಂಜೆಯಲ್ಲಿಯೇ ಇಡಬೇಕು, ಹಗಲಲ್ಲಿ ಇಟ್ಟರೆ ಬೇರೆ ಗೂಡಿನ ನೊಣಗಳು ದೋಚುವದಕ್ಕೆ ಬರುವವು. ನೊಣಗಳು ಮುಚ್ಚಿ ಕೂರದ ಎರಿಗಳನ್ನು ತೆಗೆದುಬಿಡುವದು, ಇರುವೆ ಹತ್ತದಂತೆ ಕಾಲುಮಣೆಯ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸುವದು, ಇವಿಷ್ಟೇ ಉಳಿದ ಕೆಲಸ. ಹತ್ತು ವರುಷದ ಹುಡುಗಿಯೂ ಇದನ್ನು ಮಾಡಬಲ್ಲಳು.

ಸಕ್ಕರೆಯ ಖರ್ಚು ಏತಕ್ಕೆಂದು ನಮ್ಮ ವಿದ್ಯಾರ್ಥಿನಿಯೊಬ್ಬಳ ತಂದೆಯವರು ನನ್ನೊಡನೆ ವಾದಿಸಿದರು. ಹಾಲು ಬತ್ತಿದ ದಿವಸದಿಂದ ಹಸುವಿಗೆ ಹುಲ್ಲು ಹಾಕುವದನ್ನು ನಿಲ್ಲಿಸುವಿರೋ ಎಂದು ಕೇಳಿದೆನು. ಅವರು ನಕ್ಕರು. ಪೆಟ್ಟಿಗೆಯನ್ನು ಮಾತ್ರ ಇನ್ನೂ ಕೊಂಡಿಲ್ಲ. ಅದು ಒಳ್ಳೆಯದೇ ಆಯಿತೆಂದು ನನ್ನ ಎಣಿಕೆ.