ಸಂಗಮಕ್ಕೆ ನಾವು ಕಳಿಸುತ್ತಿರುವ ನೀರು

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ, ಕಬ್ಬು, ಗೋವಿನಜೋಳದ ಹೊಲಗಳ ಬಸಿನೀರನ್ನು ಕೂಡಿಸಿಕೊಂಡು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅಪ್ಪ ಬಸವಣ್ಣನವರ ಐಕ್ಯಸ್ಥಳದತ್ತ ನಮ್ಮ ಯೂರಿಯಾವೂ ಹರಿಯುತ್ತಿದೆ.

ಎಂಜಿನಿಯರನಾಗಿ ನಾನು ಕಲಿತ ಲೆಕ್ಕ ಸರಳ: ಒಳಬಂದದ್ದು ಉಳಿಯಬೇಕು, ಇಲ್ಲವೇ ಹೊರಹೋಗಬೇಕು, ಮಾಯವಾಗದು. 45 ಕಿಲೋ ಯೂರಿಯಾ ಚೀಲದಲ್ಲಿ ಸುಮಾರು 20 ಕಿಲೋ ಸಾರಜನಕವಿದೆ. ಬೆಳೆ ಹೀರುವುದು ಸಾಮಾನ್ಯವಾಗಿ ಅದರ ಅರ್ಧಕ್ಕಿಂತ ಕಡಿಮೆ. ಉಳಿದುದರಲ್ಲಿ ಸ್ವಲ್ಪ ಗಾಳಿಗೆ, ಸ್ವಲ್ಪ ಮಣ್ಣಿಗೆ; ಮಿಕ್ಕದ್ದು ನೈಟ್ರೇಟ್ ಆಗಿ ಬಾವಿಗೆ, ಹಳ್ಳಕ್ಕೆ, ಹೊಳೆಗೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಅದು ವಿಪರೀತವಾದರೆ, ಆ ನೀರಿನಲ್ಲಿ ಕಲಸಿದ ಹಾಲುಪುಡಿ ಕುಡಿದ ಹಸುಗೂಸಿನ ರಕ್ತ ಪ್ರಾಣವಾಯು ಸಾಗಿಸುವ ಶಕ್ತಿ ಕಳೆದುಕೊಳ್ಳಬಹುದು. ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೂ ಹೋಗದು.

ಬೇಕಾದದ್ದಕ್ಕಿಂತ ಹೆಚ್ಚು ಸುರಿಯುವುದು ಕಾಯಕವಲ್ಲ. ಕೆಳಗಿನ ಊರಿನ ನೀರು ಕೆಡಿಸಿ ಮೇಲಿನ ಊರಲ್ಲಿ ದಾಸೋಹ ಮಾಡಿದರೆ ಬಸವತತ್ವ ಉಳಿದೀತೆ? ಜಮೀನುಳ್ಳ ಮಠಗಳೇ ಮೊದಲು ತಮ್ಮ ಹೊಲದ ಮಣ್ಣು, ಬಾವಿಯ ನೀರು ಪರೀಕ್ಷಿಸಿ, ಬಂದ ಅಂಕಿಗಳನ್ನು ಮಠದ ಬಾಗಿಲಲ್ಲಿ ಬರೆದು ಹಾಕಲಿ. ಯೂರಿಯಾವನ್ನು ಅಳೆದು, ಕಂತುಕಂತಾಗಿ ಕೊಡಲಿ. ಹಳ್ಳದ ದಂಡೆಗೆ ಹುಲ್ಲಿನ ಪಟ್ಟಿ ಬಿಡಲಿ. ಭಕ್ತರು ನೋಡಿ ಕಲಿಯುತ್ತಾರೆ. ಶ್ರಾವಣದ ಪ್ರವಚನದಲ್ಲಿ ಒಂದು ದಿನ ಈ ಲೆಕ್ಕಕ್ಕೂ ಮೀಸಲಾಗಲಿ ಎಂದು ಪೂಜ್ಯರಲ್ಲಿ ನನ್ನ ಬಿನ್ನಹ.