ಮುದಿಯಾಗಲು ಬಿಡಿ

ಈ ಸಂಚಿಕೆಯ ವಿಷಯ ಗೊತ್ತಾದ ಕೂಡಲೇ ರಾಜಧಾನಿಯ ಮಾಸಿಕವೊಂದು 'ಮಗ್ಗದೂರಿನವರಿಗೆ ಕಡಲ ಚಿಂತೆ' ಎಂದು ಚುಚ್ಚಿದೆ. ದೊಡ್ಡಬಳ್ಳಾಪುರದಲ್ಲಿ ಕೂತು ಪ್ಯಾರಿಸ್ಸಿನ ಕಾವ್ಯದ ಬಗ್ಗೆ ಬರೆದರೆ ಇವರಿಗೆ ತಕರಾರಿಲ್ಲ. ಮಲ್ಪೆಯ ಮೀನಿನ ಬಗ್ಗೆ ಬರೆದರೆ ಮಾತ್ರ ನಮ್ಮ ಊರು ನೆನಪಾಗುತ್ತದೆ. ಭಾನುವಾರ ಇಲ್ಲಿನ ಗಿರಾಕಿ ಕಿವಿರು ಎತ್ತಿ ನೋಡಿ ಚೌಕಾಸಿ ಮಾಡುವ ಬಂಗುಡೆ, ಬೂತಾಯಿ ನಮ್ಮ ಕೆರೆಯವಲ್ಲ ಸ್ವಾಮಿ.

ಇದೇ ಮಹನೀಯರು 'ಸಾವಿಲ್ಲದ ಜೆಲ್ಲಿಮೀನಿ'ಗೆ ಎರಡು ಪುಟ ಕೊಟ್ಟಿದ್ದರು. ಟುರಿಟಾಪ್ಸಿಸ್ ಪೆಟ್ಟು ತಿಂದರೆ ಎಳೆಯ ಹಂತಕ್ಕೆ ಮರಳಬಲ್ಲದು, ನಿಜ. ಇನ್ನೊಂದರ ಬಾಯಿಗೆ ಬಿದ್ದರೆ ಅದೂ ಸಾಯುತ್ತದೆಂದು ಬರೆಯಲು ಜಾಗ ಸಾಲಲಿಲ್ಲವೇನೋ. ಗ್ರೀನ್‌ಲ್ಯಾಂಡ್ ಶಾರ್ಕ್ ಕನಿಷ್ಠ 272 ವರ್ಷ ಬಾಳುತ್ತದೆಂದು 2016ರಲ್ಲಿ ಕಣ್ಣಿನ ಮಸೂರದಿಂದ ಪತ್ತೆಯಾದದ್ದೂ ಬಣ್ಣದ ಚಿತ್ರವಾಗಿ ಬಂತು. ನಮ್ಮ ಬೆಚ್ಚನೆಯ ಅರಬ್ಬೀ ಸಮುದ್ರದ ಬೂತಾಯಿಗೆ ಎರಡು-ಮೂರು ವರ್ಷವೇ ಪೂರ್ಣಾಯುಷ್ಯ ಎಂಬುದು ಯಾರಿಗೂ ಸುದ್ದಿಯಲ್ಲ. ಕಾರಂತರ ಹೆಸರಲ್ಲಿ ವಿಚಾರಸಂಕಿರಣ ನಡೆಸುವವರು ಅವರ 'ವಿಜ್ಞಾನ ಪ್ರಪಂಚ'ವನ್ನು ಒಮ್ಮೆಯಾದರೂ ತೆರೆಯಬಾರದೇ?

ಮುಪ್ಪೆಂದರೆ ಸವಕಳಿ ಎಂದು ನಮ್ಮ ಮೊಣಕಾಲು ನೋಡಿ ತೀರ್ಮಾನಿಸಿದ್ದೇವೆ. ಅನೇಕ ಮೀನುಗಳ ಲೆಕ್ಕವೇ ಬೇರೆ. ವಯಸ್ಸಾದಂತೆ ಮೈ ಬೆಳೆಯುತ್ತಲೇ ಹೋಗುತ್ತದೆ, ಮೊಟ್ಟೆಯಿಡುವ ಶಕ್ತಿ ಮೈತೂಕವನ್ನೂ ಮೀರಿ ಏರುತ್ತದೆ. 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, 30 ಕೆ.ಜಿ.ಯ ಒಂದೇ ಒಂದು ಕಾಡ್ ಮೀನು ತಲಾ 2 ಕೆ.ಜಿ.ಯ 28 ಮೀನುಗಳಿಗಿಂತ ಹೆಚ್ಚು ಮೊಟ್ಟೆಯಿಡುತ್ತದೆ. ಅಲ್ಲಿ ಸಂಸಾರ ನಡೆಸುವವಳು ಮುದುಕಿಯೇ.

ನಮ್ಮ ಕರಾವಳಿಯಲ್ಲಿ ಆ ಮುದುಕಿಗೆ ಜಾಗವೆಲ್ಲಿ? ಹೆಣ್ಣು ಅಂಜಲ್ ಬಸಿರಾಗುವುದೇ ಸುಮಾರು 70 ಸೆಂ.ಮೀ. ಬೆಳೆದ ಮೇಲೆ. ನಮ್ಮ ಪೇಟೆಗೆ 'ವಂಜರ' ಎಂದು ಬರುವ ಮೊಳದುದ್ದದವು ಒಮ್ಮೆಯೂ ಮೊಟ್ಟೆಯಿಟ್ಟಿರುವುದಿಲ್ಲ. ಟ್ರಾಲ್ ಬಲೆಗೆ ಬಿದ್ದ ಮರಿಮೀನುಗಳು ಮೀನೆಣ್ಣೆ ಕಾರ್ಖಾನೆ ಸೇರುತ್ತವೆ. ಬೆಳಕು ಹಾಕಿ ಹಿಡಿಯುವುದನ್ನು ಕೇಂದ್ರ 2017ರಲ್ಲೇ ನಿಷೇಧಿಸಿದರೂ ಬಂದರುಗಳಲ್ಲಿ ಆ ಜಗಳ ಎಷ್ಟು ಸಲ ಎದ್ದಿತೆಂಬುದು ನಿಮಗೆ ಗೊತ್ತೇ ಇದೆ. ಜೂನ್ 1ರಿಂದ ಜುಲೈ 31ರವರೆಗಿನ ರಜೆ ಮೀನಿಗೆ ಮೊಟ್ಟೆಯಿಡಲು ಬಿಡುತ್ತದೆ, ಮುದಿಯಾಗಲು ಬಿಡುವುದಿಲ್ಲ.

ಮರಿ ಹಿಡಿಯಬೇಡಿ ಎಂದರಷ್ಟೇ ಸಾಲದು. ತೀರ ದೊಡ್ಡ ಹೆಣ್ಣುಮೀನಿಗೂ ಕಾಯ್ದೆಯ ರಕ್ಷಣೆ ಬೇಕೆಂಬುದು ನಮ್ಮ ಪಟ್ಟು. ಬಲೆಗೆ ಬಿದ್ದ ದೈತ್ಯ ಮೀನನ್ನು ತೂಗುಹಾಕಿ, ಬಿಕರಿಯಾದ ಬೆಲೆಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕುವ ಪತ್ರಿಕೆಗಳು ಮೊದಲು ಆ ಚಟ ಬಿಡಲಿ.

ಕಡಲಜೀವಿಗಳ ಮುಪ್ಪು ಈ ಸಂಚಿಕೆಯ ವಿಷಯ. ನಗುವವರು ಚಂದಾ ಕಟ್ಟಿ, ಓದಿ ನಗಲಿ.